ಸುತ್ತು ತೋರಿಸುವ ಮುಳ್ಳು

ಮಾರ್ಚ್ ೩, ಸೋಮವಾರ. ಮಧ್ಯಾಹ್ನ

ಎಂದಿನಂತೆ ಬುತ್ತಿ ಕಟ್ಟಿದೆ, ಕಾರು ತೆಗೆದೆ. ಯಜಮಾನರಿರುವ ಆರೈಕೆ ಕೇಂದ್ರ ಊರಾಚೆ. ಅಲ್ಲಿಗೆ ಬಸ್ಸಿಲ್ಲ, ಬಾಡಿಗೆ ಗಾಡಿಯವರು ಬರಲೊಲ್ಲರು. ಪಾರ್ಶ್ವವಾಯು ಬಡಿದಂದಿನಿಂದ ಇವರು ನನ್ನ ಕೈಯ ತುತ್ತನ್ನಲ್ಲದೆ ಬೇರೆ ಮುಟ್ಟುವುದಿಲ್ಲ. ದಾದಿ ಚಮಚ ಹಿಡಿದರೆ ಬಾಯಿ ಬಿಗಿಯುತ್ತಾರೆ.

ಹಿಂತಿರುಗುವಾಗ ಏರಿನಲ್ಲಿ ಎಂಜಿನ್ ಮತ್ತೆ ನಿಂತಿತು. ನಿಂತದ್ದು ನನಗೆ ತಿಳಿದದ್ದು, ಕಾರು ಹಿಂದಕ್ಕೆ ಜಾರತೊಡಗಿದಾಗ. ಮನುಷ್ಯರಾದರೆ ತುಟಿ ನೋಡಿ ನಿಭಾಯಿಸುತ್ತೇನೆ. ಎಂಜಿನ್ನಿಗೆ ತುಟಿ ಎಲ್ಲಿ? ಗೇರು ಬದಲಿಸುವುದು ಬರೀ ಅಂದಾಜಿನ ಮೇಲೆ...

ತಮ್ಮನ ಸಂದೇಶ: “ಮುಂದಿನ ವಾರ ಗುರುವಾರ ಬರ್ತೀನಿ ಅಕ್ಕ. ಪಕ್ಕದಲ್ಲಿ ಕೂತು ನೀನು ಓಡಿಸೋದನ್ನ ನೋಡ್ತೀನಿ. ಸರಿ ಕಾಣಲಿಲ್ಲ ಅಂದ್ರೆ ಬೀಗದ ಕೈ ನನ್ನ ಜೇಬಿಗೆ.” ಪೂರ್ಣವಿರಾಮಗಳನ್ನು ಮಾತ್ರ ಸರಿಯಾಗಿ ಹಾಕಿದ್ದಾನೆ.

ಎಂಜಿನ್ನಿನ ಸುತ್ತು ತೋರಿಸುವ ಮೀಟರು ಸಿಗುತ್ತದಂತೆ. ಕಿವಿ ಹೇಳದ್ದನ್ನು ಕಣ್ಣು ಹೇಳಲಿ.

ಮಾರ್ಚ್ ೪, ಮಂಗಳವಾರ

ಕಾರಿನ ಎಲೆಕ್ಟ್ರಿಷಿಯನ್ ನಾನು ಕೊಂಡು ತಂದ ಮೀಟರನ್ನು ತಿರುಗಿಸಿ ತಿರುಗಿಸಿ ನೋಡಿದ.

“ಈ ಮುದಿ ಗಾಡಿಗೆ ಆರ್‌ಪಿಎಂ ಮೀಟರಾ ಮೇಡಂ? ರೇಸಿಗೆ ಹೋಗ್ತೀರಾ?”

“ಹೌದು. ಗೆದ್ದರೆ ತಿಳಿಸುತ್ತೇನೆ. ಕೆಲಸ ನೋಡಪ್ಪ.”

ಮೀಟರಿಗೆ ಕರೆಂಟು ಕೊಡುವುದು ಸುಲಭವಂತೆ. ಎಂಜಿನ್ನಿನ ವೇಗವನ್ನು ಹೊತ್ತು ತರುವ ವೈರನ್ನು ಹುಡುಕುವುದೇ ತಲೆನೋವು. ಡ್ಯಾಶ್‌ಬೋರ್ಡಿನ ಕೆಳಗಿಂದ ಕಂತೆ ಎಳೆದ. ಬಣ್ಣಗಳೆಲ್ಲ ಮಾಸಿ ಒಂದೇ ಕಂದು. ಉಗುರಿನಿಂದ ಕೆರೆದು, ಒಂದನ್ನು ಆರಿಸಿ ಜೋಡಿಸಿದ. ನನ್ನನ್ನು ಒಳಗೆ ಕೂರಿಸಿ, ತಾನು ಬಾನೆಟ್ಟಿನ ಕೆಳಗೆ ನಿಂತು ಆಕ್ಸಿಲರೇಟರ್ ಕೇಬಲ್ ಎಳೆದ. ಆಮೇಲೆ ಕಿಟಕಿಗೆ ಬಂದ.

“ಸೌಂಡ್ ಏರಿದಂಗೆಲ್ಲ ಮುಳ್ಳು ಏರ್ತಾ ಮೇಡಂ?”

ಮುಳ್ಳು ಅಲುಗಿದ್ದನ್ನು ಕಂಡಿದ್ದೆ. ಸದ್ದು— ಅದೂ ಏರಿಯೇ ಇರಬೇಕು.

“ಏರಿತು” ಎಂದೆ.

ಮಾರ್ಚ್ ೫, ಬುಧವಾರ. ಸಂಜೆ

ಮುಳ್ಳು ಎರಡೂವರೆ ಸಾವಿರ ಮುಟ್ಟಿದಾಗ ಗೇರು ಬದಲಿಸಿ ಎಂದಿದ್ದ ಎಲೆಕ್ಟ್ರಿಷಿಯನ್. ಮುಟ್ಟಲೇ ಇಲ್ಲ. ಸಾವಿರದ ಆಸುಪಾಸಿನಲ್ಲೇ ತೂಕಡಿಸುತ್ತಿತ್ತು. ನಾನೂ ಹಟ ಬಿಡಲಿಲ್ಲ. ಎರಡನೆಯ ಗೇರಿನಲ್ಲೇ ಊರು ದಾಟಿದೆ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಅಂಗಡಿಯೊಂದರ ಮುಂದೆ ಒಬ್ಬ ತಾಯಿ ಮಗುವಿನ ಎರಡೂ ಕಿವಿಗಳನ್ನು ಮುಚ್ಚಿದಳು. ಎಂಜಿನ್ ಕಿರುಚುತ್ತಿದೆಯೆಂದು ಆಗ ಅರ್ಥವಾಯಿತು.

ಅಷ್ಟರಲ್ಲಿ ಬಾನೆಟ್ಟಿನಿಂದ ಆವಿ. ಕಾರು ರಸ್ತೆಬದಿಯಲ್ಲಿ ನಿಂತಿತು. ಬಿಚ್ಚದ ಬುತ್ತಿ ಮನೆಗೆ ವಾಪಸ್ಸು ಬಂತು.

ಇವರು ಸಂಜೆಯವರೆಗೂ ಬಾಗಿಲನ್ನೇ ನೋಡುತ್ತಿದ್ದರಂತೆ. ದಾದಿಯ ಸಂದೇಶ. ಒಂದು ತುತ್ತೂ ಒಳಗೆ ಹೋಗಿಲ್ಲ.

ಕೂತಲ್ಲಿ ಕೂರಲಾಗುತ್ತಿಲ್ಲ. ಮೂರು ಸಲ ಅಡುಗೆಮನೆಗೆ ಹೋಗಿ ಬಂದೆ, ಏಕೆಂದು ತಿಳಿಯದೆ.

ಮಾರ್ಚ್ ೮, ಶನಿವಾರ

ನಿನ್ನೆ ಗ್ಯಾರೇಜಿನವರು ರೇಡಿಯೇಟರ್ ಬದಲಿಸಿಕೊಟ್ಟ ಮೇಲೆ, ಹಳೆಯ ಅಂದಾಜಿನಲ್ಲೇ ಹೋಗಿ ಇವರಿಗೆ ಉಣ್ಣಿಸಿ ಬಂದೆ. ಇಂದು ಎಲೆಕ್ಟ್ರಿಷಿಯನ್ ಬಂದ. ಮುಖ ದಪ್ಪಗಿತ್ತು.

“ನೀವೇ ಸರಿಯಿದೆ ಅಂದ್ರಲ್ಲ ಮೇಡಂ. ನೋಡಿದ್ರೆ ಅದು ಬ್ಯಾಟರಿ ದೀಪದ ವೈರು!”

ನಾಲ್ಕು ಸುಳ್ಳುಗಳು ನಾಲಿಗೆಯ ತುದಿಗೆ ಬಂದವು. ನಾಲ್ಕನ್ನೂ ನುಂಗಿದೆ.

“ನನಗೆ ಎಂಜಿನ್ನಿನ ಸದ್ದು ಕೇಳಿಸುವುದಿಲ್ಲ. ನೀನು ಕೇಳು, ನಾನು ನೋಡುತ್ತೇನೆ. ಸದ್ದು ಏರಿದಾಗ ಕೈ ಎತ್ತು.”

ಹಣೆ ಚಚ್ಚಿಕೊಂಡ. “ಅಯ್ಯೋ, ಇದನ್ನ ಮಂಗಳವಾರಾನೇ ಹೇಳಿದ್ರೆ ರೇಡಿಯೇಟರ್ ಉಳೀತಿತ್ತಲ್ಲ!”

ಈ ಸಲ ಒಳಗಿನ ಕಂತೆಯ ತಂಟೆಗೇ ಹೋಗಲಿಲ್ಲ. ಕಿಡಿ ಹುಟ್ಟಿಸುವ ಕಾಯಿಲ್ ಎಂಬುದಕ್ಕೆ ಎರಡು ವೈರುಗಳಿವೆ. ಒಂದರಲ್ಲಿ ಕರೆಂಟು ಸದಾ ಇರುತ್ತದೆ. ಇನ್ನೊಂದರಲ್ಲಿ ಪ್ರತಿ ಕಿಡಿಗೂ ಕಡಿದು ಕಡಿದು ಹರಿಯುತ್ತದೆ. ಆ ಎರಡನೆಯದರಿಂದ ಹೊಸ ವೈರು ಎಳೆದ. ಎತ್ತಿದ ಬಾನೆಟ್ಟಿನ ಮಗ್ಗುಲಿಂದ ಅವನ ಮಸಿ ಕೈ ಮೇಲೇರಿತು, ಮುಳ್ಳು ಏರಿತು. ಕೈ ಇಳಿಯಿತು, ಮುಳ್ಳು ಇಳಿಯಿತು. ಹತ್ತಾರು ಬಾರಿ ಮಾಡಿಸಿದೆ. ಕೊನೆಗೆ ಅವನೇ ಕೈ ಮುಗಿದ.

ಮಾರ್ಚ್ ೧೩, ಗುರುವಾರ

ತಮ್ಮ ಪಕ್ಕದಲ್ಲಿ. ಗೇರುಗಳು ಒಂದೂ ತಪ್ಪಲಿಲ್ಲ. ಏರಿನಲ್ಲೂ ಎಂಜಿನ್ ನಿಲ್ಲಲಿಲ್ಲ.

“ಪರವಾಗಿಲ್ವೇ ಅಕ್ಕ! ಬೆಣ್ಣೆ ಥರ ಹೋಗ್ತಿದೆ.”

ಓರೆಗಣ್ಣಿನಲ್ಲಿ ಅವನ ತುಟಿ ಓದಿ ಹಿಗ್ಗಿದೆ. ಮತ್ತೆ ಮುಳ್ಳಿನ ಕಡೆ ನೋಡಿದೆ. ಇದ್ದಕ್ಕಿದ್ದಂತೆ ಅವನು ಸ್ಟೀರಿಂಗ್ ಹಿಡಿದು ರಸ್ತೆಯಂಚಿಗೆ ಎಳೆದ. ಆಂಬುಲೆನ್ಸ್ ಒಂದು ನಮ್ಮನ್ನು ಸವರಿಕೊಂಡು ಹೋಯಿತು.

“ಆಗಿನಿಂದ ಬಡ್ಕೊಳ್ತಾ ಇದೆ ಹಿಂದೆ! ಕೇಳಿಸಲೇ ಇಲ್ವಾ ಅಕ್ಕ?”

ಕೇಳಿಸಲಿಲ್ಲ. ಕನ್ನಡಿಯಲ್ಲಾದರೂ ಕಾಣಬೇಕಿತ್ತು. ಕಣ್ಣು ಮುಳ್ಳಿನ ಮೇಲಿತ್ತು.

ಇವರಿಗೆ ಉಣ್ಣಿಸಿದೆ. ಇವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಉಂಡರು. ಹೊರಗೆ ತಮ್ಮ ಅಂಗೈ ಚಾಚಿದ. ಬೀಗದ ಕೈ ಕೊಟ್ಟೆ.

“ಕಿವಿಗೆ ಮೆಷಿನ್ ಹಾಕಿಸ್ಕೋ. ಅವತ್ತೇ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ರಜಾ ದಿನ ನಾನು ಕರ್ಕೊಂಡು ಬರ್ತೀನಿ.”

“ಮಿಕ್ಕ ದಿನ ಇವರ ಊಟ?”

ಅವನು ಕಾರಿನತ್ತ ತಿರುಗಿದ. ಏನಾದರೂ ಅಂದನೋ ಏನೋ. ಮುಖ ಆ ಕಡೆಗಿತ್ತು.

ಮಾರ್ಚ್ ೧೭, ಸೋಮವಾರ. ಹತ್ತು ಗಂಟೆ

ಕಿವಿಯ ಡಾಕ್ಟರ ಕೋಣೆಯ ಹೊರಗೆ ಕುಳಿತು ಬರೆಯುತ್ತಿದ್ದೇನೆ. ಇವರು ನಿನ್ನೆ ಮಾತ್ರ ಉಂಡಿದ್ದಾರೆ, ತಮ್ಮ ಕರೆದೊಯ್ದದ್ದರಿಂದ. ಕಿವಿಯಲ್ಲಿ ಆ ಗುಂಡಿಯಂಥದ್ದನ್ನು ತೊಟ್ಟು ನಾಲ್ಕು ಜನರೆದುರು ತಿರುಗುವುದುಂಟೇ ಎಂದು ಡಾಕ್ಟರನ್ನೇ ಗದರಿಸಿ ಬಂದಿದ್ದೆ, ಎರಡು ವರ್ಷಗಳ ಹಿಂದೆ. ಇಂದು ಆತ ನಗಬಹುದು. ನಗಲಿ.

ಇಲ್ಲಿ ಹೆಸರು ಕೂಗಿ ಒಳಗೆ ಕರೆಯುತ್ತಾರೆ. ಕೇಳಿಸದವರನ್ನು! ಆದ್ದರಿಂದ ಮೇಜಿನ ಹಿಂದಿರುವ ಹುಡುಗಿಯ ತುಟಿಗಳನ್ನು ಬಿಟ್ಟು ಕಣ್ಣು ಕದಲಿಸಿಲ್ಲ. ಬರೆಯುವಾಗಲೂ ಅರ್ಧ ಕಣ್ಣು ಅಲ್ಲೇ. ಈಗ ಅವಳು ತಲೆಯೆತ್ತಿದಳು, ನನ್ನ ಕಡೆಗೇ ನೋಡಿ ಏನೋ—