ಚೌಕಟ್ಟಿನೊಳಗಿನ ಎಣಿಕೆ

ಪುಂತಾ ಸೊಕೋರ್ಮೊ, ಚಿಲಿ
ಆಗಸ್ಟ್ ೧೪

ಪ್ರೀತಿಯ ರುಪೆರ್ತಾ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ. ಇಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿದೆ, ಬರೆಯಲು ಮನಸ್ಸೇ ಬರಲಿಲ್ಲ.

ನಮ್ಮ ಊರಿಗೆಂದೇ ಕಾದಿಟ್ಟ ಬಂಡೆಗಳಲ್ಲಿ ಲೋಕೊ ಚಿಪ್ಪುಮೀನುಗಳ ಎಣಿಕೆ ಮುಗಿಯಿತು. ಎಣಿಸಲು ನೀರಿಗಿಳಿದದ್ದು ಇಬ್ಬರು, ನಮ್ಮ ಮನೆಯವರು ಮತ್ತು ಎಲಿಯೆಸರ್. ಕಬ್ಬಿಣದ ಚೌಕಟ್ಟನ್ನು ನೀರಡಿಯ ಬಂಡೆಯ ಮೇಲಿಟ್ಟು ಅದರೊಳಗೆ ಸಿಕ್ಕಿದ್ದನ್ನು ಎಣಿಸುವುದು ನಿನಗೆ ಗೊತ್ತೇ ಇದೆ. ಹೋದ ವರ್ಷದ ಅರ್ಧವೂ ಇಲ್ಲವಂತೆ. ಈ ಸಲ ಹಿಡಿಯಲು ಸರ್ಕಾರದ ಅಪ್ಪಣೆಯೂ ಅರ್ಧ, ಹದಿನೆಂಟು ಮನೆಗಳ ಊಟವೂ ಅರ್ಧ.

ಎಲ್ಲರಿಗೂ ಆಚೆ ಕೊಲ್ಲಿಯವರ ಮೇಲೆಯೇ ಗುಮಾನಿ. "ಕದ್ದೋರು ಅವ್ರೇ, ಮತ್ಯಾರು? ಮೊನ್ನೆ ಅವ್ರ ದೋಣಿ ಇಲ್ಲೇ ಸುಳೀತಿತ್ತು," ಅಂತ ಎಲಿಯೆಸರ್. ಭಾನುವಾರ ಚೆಂಡಾಟದಲ್ಲಿ ಆ ಊರಿನವನೊಬ್ಬನ ಹಲ್ಲು ಮುರಿದರು. ನನಗೆ ಅನುಮಾನವಿದ್ದದ್ದು ಲೆಕ್ಕ ಬರೆದುಕೊಳ್ಳಲು ಬಂದ ಯೆಸೆನಿಯಾ ಮೇಲೆ. ದೋಣಿ ಹತ್ತಿದರೆ ವಾಂತಿ ಮಾಡುವ ಪಟ್ಟಣದ ಹುಡುಗಿ, ಅವಳಿಗೇನು ತಿಳಿದೀತು? ಕೇಳಿಯೇ ಬಿಟ್ಟೆ. ಅವಳು ಸಿಟ್ಟಾಗದೆ ಹಾಳೆ ನನ್ನ ಮುಂದಿಟ್ಟಳು.

"ನೀವೇ ನೋಡೀಮ್ಮಾ. ಎಲಿಯೆಸರ್ ಚೌಕಟ್ಟಲ್ಲಿ ಏಳು, ಎಂಟು, ಒಂಬತ್ತು. ನಿಮ್ಮ ಯಜಮಾನ್ರದ್ರಲ್ಲಿ ಎರಡು, ಸೊನ್ನೆ, ಒಂದು. ಒಂದೇ ಬಂಡೆ. ನಂಗೂ ಅರ್ಥ ಆಗ್ತಿಲ್ಲ."

ಅವತ್ತಿನಿಂದ ಇವರನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದೇನೆ. ಬೇಕಂತಲೇ ಕಡಿಮೆ ಹೇಳಿ, ಆಮೇಲೆ ಕದ್ದು ಹಿಡಿಯುವ ಉಪಾಯವೇ? ಮೂವತ್ತು ವರ್ಷ ಜೊತೆಗೆ ಬಾಳಿದವರ ಅಂಗಿ ಜೇಬು ತಡಕಿದೆ, ದೋಣಿಯ ಮೂಲೆಮೂಲೆ ಹುಡುಕಿದೆ. ನಾಚಿಕೆಯಾಗುತ್ತದೆ ಅಕ್ಕ. ಕೇಳಿದರೆ, "ನೀರು ಕದಡಿತ್ತು ಕಣೇ. ಬಿರುಕಿನೊಳಗೆ ಕೈ ಹಾಕಿ ತಡಕ್ದೆ, ಏನೂ ಇರ್ಲಿಲ್ಲ," ಅಂದು ಎದ್ದು ಹೋದರು.

ಲೆಕ್ಕ ತಾಳೆಯಾಗದ್ದಕ್ಕೆ ಸೋಮವಾರ ಮತ್ತೆ ಇವರಿಬ್ಬರದೇ ಎಣಿಕೆ. ನಿನ್ನ ಮೊಣಕಾಲು ಹೇಗಿದೆ? ಮೊಮ್ಮಗಳಿಗೆ ನನ್ನ ಮುತ್ತು. ಸಂತ ಪೇದ್ರೊ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಎರ್ಮಿಂದಾ

ಮತ್ತೊಂದು ಮಾತು: ರಾತ್ರಿ ಮಡಿಸಿಟ್ಟಿದ್ದ ಕಾಗದವನ್ನು ಮತ್ತೆ ಬಿಚ್ಚಿದೆ. ಇವತ್ತು ಬೆಳಿಗ್ಗೆ ಇವರು ಒಲೆಯ ಮೇಲಿನ ಕೆಟಲನ್ನು ಬರಿಗೈಯಲ್ಲಿ ತಬ್ಬಿ ಹಿಡಿದು, ನನ್ನ ಲೋಟಕ್ಕೆ ನಿಧಾನವಾಗಿ ಸುರಿದರು. ಚರ್ಮ ಸುಟ್ಟ ವಾಸನೆಗೆ ನಾನು ಎದ್ದು ಕಿತ್ತುಕೊಂಡೆ. ಹೋದ ಚಳಿಗಾಲ ಆಳದಿಂದ ತೀರಾ ಬೇಗ ಮೇಲೆ ಬಂದು ಕೈಕಾಲು ಹಿಡಿದು ಮಲಗಿದ್ದರಲ್ಲ, ಆಗಿನಿಂದ ಬೆರಳು ಮರಗಟ್ಟಿವೆಯಂತೆ. ಲೋಕೊಗಳು ಅಲ್ಲೇ ಇವೆ ಅಕ್ಕ, ತಡಕಿದ ಬೆರಳಿಗೆ ತಿಳಿದಿಲ್ಲ ಅಷ್ಟೇ. ಹೇಳಿದರೆ ಇವರನ್ನು ಇನ್ನು ನೀರಿಗಿಳಿಸುವುದಿಲ್ಲ. ಹೇಳದಿದ್ದರೆ ಊರಿಗೆಲ್ಲ ಅರ್ಧ. ಸುಟ್ಟ ಕೈಯನ್ನು ನನ್ನ ಕೈಯೊಳಗಿಟ್ಟುಕೊಂಡು ಕೂತಿದ್ದೆ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೇಳಿದರು, "ಹಿಡ್ಕೊಂಡಿದ್ದೀಯಾ, ಬಿಟ್ಟಿದ್ದೀಯಾ?"