ಮೈಮೂನಾಳ ಎರಡು ಟ್ಯೂಬುಗಳು

ಕೊಡಿಯಾಲ್‌ಬೈಲ್, ಮಂಗಳೂರು
13-11-2024, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳು ರುಮೈಸಾಗೆ ಉಪ್ಪನ ಸಲಾಂ.

ಹೇಗಿದ್ದೀ? ಕಾಲಿನ ಬಾವು ಇಳಿಯಿತಾ? ಏಳನೇ ತಿಂಗಳಲ್ಲಿ ಅದೆಲ್ಲ ಸಾಮಾನ್ಯ ಎಂದು ನಿನ್ನ ಉಮ್ಮ ಹೇಳುತ್ತಾಳೆ, ಆದರೂ ಬಿಪಿ ನೋಡಿಸಿಕೊಳ್ಳದೆ ಕೂರಬೇಡ. ಶಾರ್ಜಾದಲ್ಲಿ ಈಗ ಸೆಕೆ ಕಡಿಮೆಯಾಗಿರಬೇಕು. ಸಂಜೆ ರಿಯಾಝ್ ಕೆಲಸದಿಂದ ಬಂದ ಮೇಲೆ ಅವನ ಜೊತೆ ಸ್ವಲ್ಪ ನಡೆದು ಬಾ. ಅಳಿಯ ಸುಸ್ತೆಂದು ಸೋಫಾದಲ್ಲಿ ಬಿದ್ದುಕೊಂಡರೆ ಮಾವ ಹೇಳಿದ್ದಾರೆಂದು ಎಬ್ಬಿಸು. ನನ್ನ ಮಂಡಿ ನೋವು ಹಾಗೆಯೇ ಇದೆ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ನಿಂತೇ ಕೆಲಸ ಮಾಡಿದ ಕಾಲುಗಳು, ಅವನ್ನು ಬೈದು ಏನು ಪ್ರಯೋಜನ. ಬೆಳಿಗ್ಗೆ ಕೊಟ್ಟಾರದಲ್ಲಿ ಬಸ್ ಹತ್ತುವಾಗಲೇ ಸಾಕು ಅನಿಸುತ್ತದೆ, ಸಂಜೆ ಇಳಿಯುವಾಗ ಸಾಕೋ ಸಾಕು. ರಿಟೈರ್ ಆಗಲು ಇನ್ನೂ ಏಳು ತಿಂಗಳಿದೆ.

ಈ ಕಾಲದಲ್ಲಿ ಉಪ್ಪ ಕಾಗದ ಬರೆಯುತ್ತಾರಲ್ಲ ಎಂದು ನಿನಗೆ ನಗು ಬರಬಹುದು. ಮನೆಯಿಂದ ಫೋನ್ ಮಾಡಿದರೆ ಉಮ್ಮ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿಸುತ್ತಾಳೆ. ವಾಟ್ಸಪ್ ಮಾಡೋಣವೆಂದರೆ ನನ್ನ ಫೋನ್ ನನಗಿಂತ ಹೆಚ್ಚು ಅವಳ ಕೈಯಲ್ಲಿರುತ್ತದೆ. ನಿನ್ನೆ ಲ್ಯಾಬಿನಿಂದ ಎರಡು ಸಲ ನಿನಗೆ ಕರೆ ಮಾಡಿದೆ, ನಿನ್ನ ಹಲೋ ಕೇಳಿದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ನೀನು ಪಾಪ ಎರಡು ಸಲವೂ ಆಯಿತು ಎಂದೆ. ನಮ್ಮ ಮನೆಯ ಕೆಳಗೆ ಅಂಗಡಿ ಇಟ್ಟಿರುವ ಅಹ್ಮದ್ ಬಾವ ನಾಳೆ ಶಾರ್ಜಾದಲ್ಲಿರುವ ಮಗನ ಹತ್ತಿರ ಹೊರಟಿದ್ದಾರೆ. ಉಮ್ಮ ಕಟ್ಟಿಟ್ಟ ಉಪ್ಪಿನಕಾಯಿ, ಒಣ ಸಿಗಡಿ ಚಟ್ನಿಯ ಜೊತೆ ಈ ಲಕೋಟೆಯನ್ನೂ ನಿನಗೆ ತಲುಪಿಸುತ್ತಾರೆ. ಉಪ್ಪಿನಕಾಯಿ ಹೆಚ್ಚು ತಿನ್ನಬೇಡ, ಕಾಲಿನ ಬಾವಿಗೆ ಒಳ್ಳೆಯದಲ್ಲ.

ನಾನು ಬರೆಯುತ್ತಿರುವುದು ಲ್ಯಾಬಿನಲ್ಲೇ ಕೂತು. ಎದುರಿಗೆ ಶೇಕರ್ ಮೇಲೆ ಟ್ಯೂಬುಗಳು ಅಲುಗಾಡುತ್ತಿವೆ, ಮೂರು ಗಂಟೆ ಅಲುಗಾಡಬೇಕು. ಅವುಗಳಲ್ಲಿ ಮೂರು ಟ್ಯೂಬು ನಿನ್ನ ಉಮ್ಮನವು. ಅವಳಿಗೆ ಇದು ಗೊತ್ತಿಲ್ಲ. ಅವಳ ಪರೀಕ್ಷೆ ಎರಡು ವಾರದ ಹಿಂದೆಯೇ ಮುಗಿದಿದೆ, ಎಲ್ಲ ಸರಿ ಇದೆ ಎಂದು ಅವಳೂ ತಿಳಿದಿದ್ದಾಳೆ, ನೀನೂ ತಿಳಿದಿದ್ದೀ. ಹಾಗೆ ಹೇಳಿದವನು ನಾನೇ.

ನಾಲ್ಕು ವರ್ಷದ ಹಿಂದೆ ಉಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್ ಆದಾಗ ನೀನು ಕಾಲೇಜಿನಲ್ಲಿದ್ದೆ. ಗ್ರಂಥಿಯನ್ನು ಪೂರ್ತಿ ತೆಗೆದು, ಉಳಿದ ಚೂರನ್ನು ವಿಕಿರಣದ ಅಯೋಡಿನ್ ಕುಡಿಸಿ ಸುಟ್ಟರು. ಅಂದಿನಿಂದ ವರ್ಷಕ್ಕೊಮ್ಮೆ ಅವಳ ರಕ್ತದಲ್ಲಿ ಆ ಗ್ರಂಥಿಯಿಂದಲೇ ಬರುವ ಥೈರೋಗ್ಲೋಬ್ಯುಲಿನ್ ನೋಡಬೇಕು. ಗ್ರಂಥಿಯೇ ಇಲ್ಲದವರಲ್ಲಿ ಅದು ಇರಬಾರದು. ಒಂದಕ್ಕಿಂತ ಕೆಳಗಿದ್ದರೆ ನೆಮ್ಮದಿ, ಮೇಲೇರಿದರೆ ಮೈಯಲ್ಲಿ ಎಲ್ಲೋ ಕಾಯಿಲೆ ಉಳಿದಿದೆ ಎಂಬ ಅನುಮಾನ. ಈ ಸಲ ಡಾಕ್ಟರು ಇನ್ನೊಂದು ಮಾತು ಸೇರಿಸಿದ್ದರು. ರಿಪೋರ್ಟ್ ಸರಿ ಬಂದರೆ ಮಾತ್ರ ಮಗಳ ಹೆರಿಗೆಗೆಂದು ಮೂರು ತಿಂಗಳು ಹೊರದೇಶಕ್ಕೆ ಹೋಗಬಹುದು, ಇಲ್ಲವಾದರೆ ಇಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ನಮ್ಮಲ್ಲಿ ತಾಯಿಯೇ ಹೊರಟಿದ್ದಾಳೆ ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಡಿಸೆಂಬರ್ ಇಪ್ಪತ್ತೈದರ ಟಿಕೆಟ್ ಆಗಲೇ ಆಗಿತ್ತು.

ಟ್ಯೂಬುಗಳಲ್ಲಿ ನೀವು ಏನು ಮಾಡುತ್ತೀರಿ ಎಂದು ನೀನು ಸಣ್ಣವಳಿದ್ದಾಗ ಕೇಳುತ್ತಿದ್ದೆ, ನಾನು ಶರಬತ್ತು ಎನ್ನುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ, ಇಲ್ಲವಾದರೆ ಮುಂದಿನದು ನಿನಗೆ ಅರ್ಥವಾಗದು. ಟ್ಯೂಬಿನ ಒಳಗೋಡೆಗೆ ಪ್ರತಿಕಾಯ ಅಂಟಿಸಿರುತ್ತಾರೆ. ಅದಕ್ಕೆ ರೋಗಿಯ ಸೀರಂ, ಅಂದರೆ ರಕ್ತದ ತಿಳಿ, ಹಾಕುತ್ತೇವೆ, ಅದರ ಮೇಲೆ ಸ್ವಲ್ಪ ವಿಕಿರಣ ಇರುವ ಕೆಂಪು ದ್ರವ ಹಾಕುತ್ತೇವೆ, ಅಲುಗಾಡಿಸಿ ತೊಳೆಯುತ್ತೇವೆ. ನಾವು ಹುಡುಕುವ ವಸ್ತು ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ವಿಕಿರಣ ಟ್ಯೂಬಿನಲ್ಲಿ ಅಂಟಿ ಉಳಿಯುತ್ತದೆ. ಗಾಮಾ ಕೌಂಟರ್ ಅದನ್ನು ಎಣಿಸುತ್ತದೆ. ಪ್ರಮಾಣ ಗೊತ್ತಿರುವ ಟ್ಯೂಬುಗಳನ್ನೂ ಜೊತೆಗೇ ಎಣಿಸಿ, ಅವುಗಳಿಂದ ಒಂದು ಗೆರೆ ಎಳೆದು, ರೋಗಿಯ ಎಣಿಕೆ ಆ ಗೆರೆಯಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಿದರೆ ಉತ್ತರ. ಮೊದಲೆಲ್ಲ ಗ್ರಾಫ್ ಕಾಗದದ ಮೇಲೆ ನಾನೇ ಎಳೆಯುತ್ತಿದ್ದೆ, ಈಗ ಕಂಪ್ಯೂಟರ್ ಎಳೆಯುತ್ತದೆ. ಪ್ರತಿ ರೋಗಿಗೂ ಎರಡು ಟ್ಯೂಬು. ಎರಡೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರೆ ಮಾತ್ರ ವರದಿ. ಬೇರೆ ಬೇರೆ ಹೇಳಿದರೆ ಎರಡನ್ನೂ ನಂಬದೆ ಮೊದಲಿನಿಂದ ಮಾಡಬೇಕು. ನೋಡಿ ನೋಡಿ ಆರಿಸಿಕೊಳ್ಳಲು ಇದು ಮೀನು ಮಾರ್ಕೆಟ್ ಅಲ್ಲ ಎಂದು ಹೊಸದಾಗಿ ಸೇರಿದವರನ್ನೆಲ್ಲ ನಾನೇ ಬೈದಿದ್ದೇನೆ. ಇನ್ನೊಂದು ಪದ್ಧತಿಯೂ ಇದೆ, ಅದನ್ನು ಮಾಡಿದವನೂ ನಾನೇ: ಮನೆಯವರ ಸ್ಯಾಂಪಲ್ ಮನೆಯವರು ಮುಟ್ಟಬಾರದು. ನನ್ನ ಜೊತೆ ಇಪ್ಪತ್ತನಾಲ್ಕು ವರ್ಷದಿಂದ ಇರುವ ಹೆಲನ್ ನಿನಗೆ ನೆನಪಿರಬೇಕು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕಳಿಸುವವಳು. ಉಮ್ಮನ ಸ್ಯಾಂಪಲ್ ಪ್ರತಿ ವರ್ಷ ಮಾಡುವುದು ಅವಳೇ.

ಈ ಪರೀಕ್ಷೆ ನಮ್ಮಲ್ಲಿ ಬುಧವಾರ ಮಾತ್ರ. ಅಕ್ಟೋಬರ್ ಮೂವತ್ತರಂದು ಹೆಲನ್ ರಜೆಯಲ್ಲಿದ್ದಳು. ಒಂದು ವಾರ ಕಾಯಬಹುದಿತ್ತು. ಕಾಯಲು ನನ್ನಿಂದ ಆಗಲಿಲ್ಲ, ಮನೆಯಲ್ಲಿ ದಿನಕ್ಕೆ ಹತ್ತು ಸಲ ಬಂತಾ ಬಂತಾ ಎಂದು ಕೇಳುತ್ತಿದ್ದಳು ಉಮ್ಮ. ನಾನೇ ಮಾಡಿದೆ. ಪಟ್ಟಿಯಲ್ಲಿ ನಿನ್ನ ಉಮ್ಮನ ಹೆಸರು, ಮೈಮೂನಾ, ಎಂದು ಓದಿ ಸೀರಂ ಎಳೆಯುವ ಪಿಪೆಟ್ ಹಿಡಿದಾಗ ಕೈ ಸ್ವಲ್ಪ ನಡುಗಿತು. ಎಷ್ಟೋ ಮನೆಗಳಿಗೆ ಏರಿದ ಅಂಕಿ ಬರೆದು ಕಳಿಸಿದ್ದೇನೆ, ಯಾವತ್ತೂ ನಡುಗದ ಕೈ. ಸಂಜೆ ಎಣಿಸಿದಾಗ ಅವಳ ಒಂದು ಟ್ಯೂಬಿನಲ್ಲಿ ಸೊನ್ನೆ ಪಾಯಿಂಟ್ ಒಂದು, ಇನ್ನೊಂದರಲ್ಲಿ ಆರು ಪಾಯಿಂಟ್ ಮೂರು.

ನಮ್ಮ ಕೌಂಟರಿಗೆ ಹತ್ತು ವೆಲ್, ಅಂದರೆ ಟ್ಯೂಬು ಕೂರುವ ಹತ್ತು ಗುಂಡಿಗಳು. ಹೆಚ್ಚು ತೋರಿಸಿದ ಟ್ಯೂಬು ಕೂತದ್ದು ಏಳನೆಯದರಲ್ಲಿ. ಅದಕ್ಕೂ ಹಿಂದಿನ ವಾರ ಅದೇ ವೆಲ್‌ನಲ್ಲಿ ಕೆಂಪು ದ್ರವದ ಒಂದು ಹನಿ ಚೆಲ್ಲಿ, ಟ್ಯೂಬೇ ಇಲ್ಲದೆ ಎಣಿಕೆ ತೋರಿಸುತ್ತಿತ್ತು. ನಾವು ಒರೆಸಿ, ಖಾಲಿ ಎಣಿಸಿ, ಸರಿಯಾಯಿತೆಂದು ಪುಸ್ತಕದಲ್ಲಿ ಬರೆದೂ ಆಗಿತ್ತು. ಆದರೂ ನನಗೆ ಆ ಹೊತ್ತಿಗೆ ನೆನಪಾದದ್ದು ಆ ಹನಿ ಮಾತ್ರ. ಹತ್ತೊಂಬತ್ತು ವರ್ಷದ ಹಳೆಯ ಮೆಷಿನ್, ಗುಜರಿಗೆ ಹಾಕಿ ಎಂದವರ ಜೊತೆಯೆಲ್ಲ ಅದರ ಪರವಾಗಿ ಜಗಳ ಆಡಿದವನು ನಾನು. ಆ ದಿನ ನಾನೇ ಅದರ ಮೇಲೆ ತಪ್ಪು ಹೊರಿಸಿದೆ. ಆರು ಪಾಯಿಂಟ್ ಮೂರನ್ನು ಪೆನ್ನಿನಿಂದ ಹೊಡೆದು ಹಾಕಿ, ಪಕ್ಕದಲ್ಲಿ ‘ವೆಲ್ 7 ದೋಷ’ ಎಂದು ಬರೆದು, ಉಳಿದದ್ದನ್ನು ವರದಿಗೆ ಹಾಕಿದೆ. ಆ ಟ್ಯೂಬನ್ನು ಬೇರೆ ವೆಲ್‌ನಲ್ಲಿಟ್ಟು ಮತ್ತೊಮ್ಮೆ ಎಣಿಸಲು ಒಂದು ನಿಮಿಷ ಸಾಕಿತ್ತು. ನನಗೆ ಗೊತ್ತಿಲ್ಲದ ವಿಷಯವಲ್ಲ ಅದು. ನನಗೆ ಆ ಸಣ್ಣ ಅಂಕಿ ಬೇಕಿತ್ತು ಮಗಳೇ, ಅದಕ್ಕೇ ಎಣಿಸಲಿಲ್ಲ.

ಮನೆಗೆ ಹೋಗಿ ಹೇಳಿದೆ. ಉಮ್ಮ ಕೈಯಲ್ಲಿದ್ದ ಸೌಟು ಇಟ್ಟು ಅಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು. ಅವಳಿಗೆ ಅಷ್ಟು ಹೆದರಿಕೆ ಇತ್ತೆಂದು ನನಗೆ ಆವರೆಗೂ ತಿಳಿದಿರಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು, "ಇನ್ನು ನಾನು ಮಗಳ ಹತ್ರ ಹೋಗ್ತೇನೆ, ನೀವು ನಿಮ್ಮ ಮೆಷಿನಿನ ಒಟ್ಟಿಗೆ ಇರಿ" ಎಂದಳು. ನಾನೂ ನಕ್ಕೆ. ಅಂದಿನಿಂದ ದಿನಕ್ಕೊಮ್ಮೆ ಸೂಟ್‌ಕೇಸ್ ಬಿಚ್ಚಿ ಕಟ್ಟುತ್ತಾಳೆ. ಮಗುವಿಗೆ ಹಳೆಯ ಮೆತ್ತನೆ ಬಟ್ಟೆಯೇ ಬೇಕಂತೆ, ನನ್ನ ಎರಡು ಒಳ್ಳೆಯ ಪಂಚೆ ಕತ್ತರಿಯ ಪಾಲಾಗಿವೆ. ಕಟ್ಟುವಾಗ ಹಾಡಿಕೊಳ್ಳುತ್ತಾಳೆ. ಅದನ್ನು ಕೇಳುತ್ತಾ ಪಕ್ಕದ ಕೋಣೆಯಲ್ಲಿ ಕೂರುವುದು ನನಗೆ ಸಾಕಾಗಿ ಹೋಗಿದೆ.

ಮೊನ್ನೆ ಸೋಮವಾರ ಹೆಲನ್ ಹಿಂದಿನ ತಿಂಗಳ ಎಣಿಕೆಯ ಹಾಳೆಗಳನ್ನು ತಪಾಸಣೆ ಮಾಡುತ್ತಿದ್ದಳು. ನನ್ನ ಅಕ್ಷರ, ಹೊಡೆದು ಹಾಕಿದ ಅಂಕಿ, ಉಮ್ಮನ ಹೆಸರು, ಮೂರನ್ನೂ ನೋಡಿದಳು. ಉಪಯೋಗಿಸಿದ ಟ್ಯೂಬುಗಳನ್ನು ನಾವು ಕೂಡಲೇ ಬಿಸಾಡುವ ಹಾಗಿಲ್ಲ, ವಿಕಿರಣ ಇಳಿಯುವವರೆಗೆ ಸೀಸದ ಪೆಟ್ಟಿಗೆಯಲ್ಲಿಡಬೇಕು. ಅದರಿಂದ ಉಮ್ಮನ ಎರಡೂ ಟ್ಯೂಬು ಹುಡುಕಿ ತೆಗೆದು, ಎರಡನೇ ವೆಲ್‌ನಲ್ಲಿಟ್ಟು ಒಂದೊಂದಾಗಿ ಎಣಿಸಿದಳು. ಹೆಚ್ಚಿದ್ದದ್ದು ಅಲ್ಲೂ ಹೆಚ್ಚೇ. ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ಏಳನೇ ವೆಲ್‌ಗೆ ಎಂತ ಆಗ್ಲಿಲ್ಲ ಮಾರಾಯ್ರೆ. ನಿಮಗೆ ಎಂತ ಆದದ್ದು ಶುಕೂರ್?" ಎಂದಳು. ನಾನು ಹಾಳೆ ಎತ್ತಿಕೊಂಡು ಓದಿದೆ. ಕಡಿಮೆ ತೋರಿಸಿದ ಟ್ಯೂಬಿನ ಎಣಿಕೆ, ಸೀರಂ ಏನೂ ಹಾಕದ ಟ್ಯೂಬಿನ ಎಣಿಕೆಗೆ ಸರಿಯಾಗಿ ಹೊಂದುತ್ತಿತ್ತು. ಅಂದರೆ ನಡುಗಿದ ಕೈಯ ಪಿಪೆಟ್ ಸೀರಂ ಬದಲು ಗಾಳಿ ಎಳೆದುಕೊಂಡಿದೆ, ಉಮ್ಮನ ಸೀರಂ ಅದರೊಳಗೆ ಬಿದ್ದೇ ಇಲ್ಲ. ಮೇಲೆ ಕೆಂಪು ದ್ರವ ಹಾಕಿದ ಮೇಲೆ ಎಲ್ಲ ಟ್ಯೂಬೂ ನೋಡಲು ಒಂದೇ. ನಾನು ನಂಬಿ ಮನೆಗೆ ಹೊತ್ತುಕೊಂಡು ಹೋದದ್ದು ಖಾಲಿ ಟ್ಯೂಬಿನ ಉತ್ತರವನ್ನು.

ಹಾಗಾದರೆ ಇನ್ನೊಂದರದ್ದೇ ಸತ್ಯ ಎನ್ನಲೂ ಆಗದು. ಒಂಟಿ ಟ್ಯೂಬಿನ ಮಾತು ಮಾತಲ್ಲ. ಫ್ರೀಜರಿನಲ್ಲಿ ಉಮ್ಮನ ಸೀರಂ ಸ್ವಲ್ಪ ಉಳಿದಿತ್ತು. ಇವತ್ತು ಹೆಲನ್ ಅದನ್ನು ಹೆಸರಿಲ್ಲದೆ ನಂಬರ್ ಮಾತ್ರ ಹಾಕಿ ಮೂರು ಟ್ಯೂಬಿಗೆ ಹಾಕಿದ್ದಾಳೆ. ನಾನು ಹತ್ತಿರ ಹೋದದ್ದಕ್ಕೆ, "ಇವತ್ತು ನೀವು ಮುಟ್ಲಿಕ್ಕೆ ಇಲ್ಲ. ಅಲ್ಲಿ ಕೂತು ಮಗಳಿಗಾದ್ರೂ ನಿಜ ಬರೀರಿ" ಎಂದು ಗದರಿದಳು. ಅವಳ ಕೈ ಒಂದು ಚೂರೂ ಅಲುಗಲಿಲ್ಲ. ನೋಡಿ ಹೊಟ್ಟೆಕಿಚ್ಚಾಯಿತು.

ಮಗಳೇ, ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಇಷ್ಟು ವರ್ಷ ಜನ ನನ್ನ ಸಹಿ ನೋಡಿ ಡಾಕ್ಟರ ಹತ್ತಿರ ಹೋಗಿದ್ದಾರೆ, ಮನೆಯವಳಿಗೆ ಮಾತ್ರ ನಾನು ಸುಳ್ಳು ಸಹಿ ಹಾಕಿಕೊಟ್ಟೆ. ಆ ಆರು ಪಾಯಿಂಟ್ ಮೂರೇ ತಪ್ಪಾಗಿರಲಿ, ಸಣ್ಣ ಅಂಕಿಯೇ ಮತ್ತೆ ಬರಲಿ ಎಂದು ಇಲ್ಲಿ ಕೂತು ಬೇಡಿಕೊಳ್ಳುತ್ತಿದ್ದೇನೆ. ಬೇಡಿಕೊಂಡರೆ ಎಣಿಕೆ ಬದಲಾಗದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಬೇಡುತ್ತಿದ್ದೇನೆ.

ಟೈಮರ್ ಹೊಡೆಯಿತು. ಹೆಲನ್ ತೊಳೆಯಲು ಎದ್ದಳು. ನೀನು ಸಮಯಕ್ಕೆ ಸರಿಯಾಗಿ ಊಟ ಮಾಡು, ಎಡಮಗ್ಗುಲಿಗೆ ಮಲಗು. ರಿಯಾಝ್‌ಗೆ ನನ್ನ ಸಲಾಂ ಹೇಳು. ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಅಲ್ಲಾಹನು ಸುಖವಾಗಿ ಇಟ್ಟಿರಲಿ.

ನಿನ್ನ ಉಪ್ಪ,
ಶುಕೂರ್

ಮತ್ತೆ ಬರೆದದ್ದು: ಎಣಿಸಿ ಆಯಿತು. ಆರು ಪಾಯಿಂಟ್ ಒಂದು, ಆರು ಪಾಯಿಂಟ್ ನಾಲ್ಕು, ಆರು ಪಾಯಿಂಟ್ ಎರಡು. ಮೂರರಲ್ಲೂ ಜಗಳವಿಲ್ಲ. ಮೊದಲ ವರದಿ ತಪ್ಪು, ತಪ್ಪು ನನ್ನದು ಎಂದು ಬರೆದು ಹೊಸ ವರದಿಗೆ ಸಹಿ ಹಾಕಿದ್ದೇನೆ. ಡಾಕ್ಟರಿಗೆ ಫೋನ್ ಮಾಡಿದೆ. ಗಾಬರಿ ಬೇಡ, ಚಿಕಿತ್ಸೆ ಇದೆ, ಆದರೆ ಇನ್ನು ತಡ ಮಾಡಬೇಡಿ, ಮುಂದಿನ ವಾರವೇ ಸ್ಕ್ಯಾನ್, ಪ್ರಯಾಣ ಸದ್ಯಕ್ಕೆ ಬೇಡ ಎಂದರು. ಉಮ್ಮನ ಎರಡು ವಾರ ನಾನು ಹಾಳು ಮಾಡಿದೆ. ನಿನಗೆ ವಿಮಾನದಲ್ಲಿ ಬರಬಹುದಾ ಎಂದು ಇದು ಕೈಗೆ ಸಿಕ್ಕಿದ ದಿನವೇ ನಿನ್ನ ಡಾಕ್ಟರನ್ನು ಕೇಳು. ಅಹ್ಮದ್ ಬಾವ ಅಂಗಡಿ ಮುಚ್ಚುವ ಮೊದಲು ಇದನ್ನು ಅವರಿಗೆ ಕೊಟ್ಟು, ಮೆಟ್ಟಿಲು ಹತ್ತಿ ಮನೆಗೆ ಹೋಗಿ ಅವಳಿಗೆ ಹೇಳಬೇಕು. ಅಂಕಿ ಒಂದೇ ಅಲ್ಲ, ನಾನು ಮಾಡಿದ್ದನ್ನೂ. ನೀನು ಇದನ್ನು ಓದಿದ ಕೂಡಲೇ ಉಮ್ಮನಿಗೆ ಫೋನ್ ಮಾಡು. ಅವಳು ಇನ್ನೂ ನಿನ್ನ ಹತ್ತಿರ ಬರುವ ಮಾತನ್ನೇ ಆಡುತ್ತಿದ್ದರೆ, ನಿನ್ನ ಉಪ್ಪನಿಗೆ ಧೈರ್ಯ ಬರಲಿಲ್ಲ ಎಂದು ತಿಳಿ. ಆಗ ನೀನೇ ಹೇಳಿಬಿಡು ಮಗಳೇ. ನನ್ನ ಮಾನ ಉಳಿಸಲೆಂದು ಒಂದು ಮಾತನ್ನೂ ಬಿಡಬೇಡ.