ಮಂಟಪದ ದೀಪಕ್ಕೆ ಯಾರ ಕೈ

ಕೊಪ್ಪ
6 ಮೇ 2025

ಪ್ರೀತಿಯ ಅಮ್ಮನಿಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಿನ್ನ ಮಗಳ ನಮಸ್ಕಾರ.

ಫೋನ್ ಮಾಡೋಣವೆಂದರೆ ದೊಡ್ಡಪ್ಪ ನಿನ್ನ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ. ಅದಕ್ಕೇ ಈ ಕಾಗದ. ನಾಳೆ ಎನ್.ಆರ್.ಪುರಕ್ಕೆ ಬರುವ ಕಮಲಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಹೋದ ಭಾನುವಾರ ನಾನು ಮನೆಗೆ ಬಂದಾಗ ದೊಡ್ಡಪ್ಪ ಅಪ್ಪಣೆ ಕೊಟ್ಟರು. ಈ ಭಾನುವಾರ ಆರತಕ್ಷತೆಯ ದಿನ ಮಂಟಪದ ದೀಪದ ಸ್ವಿಚ್ಚನ್ನು ದೊಡ್ಡಮ್ಮ ಒತ್ತಬೇಕಂತೆ. ಶುಭಕಾರ್ಯಕ್ಕೆ ಮುತ್ತೈದೆಯ ಕೈಯೇ ಆಗಬೇಕಂತೆ. ನೀನು ಒಳಗಿನ ಕೋಣೆಯಲ್ಲಿ ಕೂತಿರಬೇಕಂತೆ. ನೀನೂ ಹೂಂ ಅಂದೆಯಂತೆ! ನನ್ನ ಮದುವೆ ಅಮ್ಮಾ ಅದು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಡಿಪ್ಲೊಮಾ ಓದಿಸಿದ ಕೈ ಅಶುಭವಾಗಿದ್ದು ಯಾವಾಗ?

ಆ ದೀಪಗಳು ನಿನ್ನವೂ ಹೌದು. ಯುಗಾದಿ ರಜೆಯಲ್ಲಿ ನಾನು ಮಂಟಪಕ್ಕೆಂದು ಎಲ್‌ಇಡಿ ಪಟ್ಟಿ ಹರಡಿಕೊಂಡು, ಅವನ್ನು ಆಡಿಸುವ ಬೆರಳುದ್ದದ ಆ ಬೋರ್ಡಿಗೆ ಪ್ರೋಗ್ರಾಂ ಬರೆಯುತ್ತಿದ್ದಾಗ ಪಕ್ಕ ಕೂತವಳು ಯಾರು? ನಾನು ಕೆಂಪು ಹಾಕಿದರೆ, ಇದು ಬಸ್ಸಿನ ಹಿಂದಿನ ಲೈಟು, ಕುಂಕುಮ ಅಲ್ಲ ಅಂದೆ ನೀನು. ನಾನು ಕೆಂಪಿನ ಅಂಕಿ ಇಳಿಸಿ ಚೂರು ನೀಲಿ ಸೇರಿಸಿದೆ, ಸರಿಹೋಯಿತು. ಅರಿಶಿನಕ್ಕೆ ಹಸಿರು ಜಾಸ್ತಿಯಾಯಿತು ಅಂದೆ, ಅದನ್ನೂ ತಿದ್ದಿದೆ. ದೀಪಗಳು ದಡಬಡ ಕುಣಿಯುವುದು ಬೇಡ, ಕಂಬದ ಬುಡದಿಂದ ನಿಧಾನ ಹತ್ತಿ ಮೇಲೆ ಹೋಗಿ ಅರಳಲಿ ಅಂದಿದ್ದೂ ನೀನೇ. ಇಷ್ಟು ವರ್ಷ ಬೂದು ಸೀರೆ ಬಿಟ್ಟು ಬೇರೆ ಉಡದವಳ ಕಣ್ಣಲ್ಲಿ ಅಷ್ಟೊಂದು ಬಣ್ಣ ಇದೆಯಲ್ಲ ಅಂತ ಅಳು ಬಂತು ನನಗೆ. ಕೆಮ್ಮು ಬಂದ ಹಾಗೆ ಮಾಡಿ ಎದ್ದುಹೋದೆ.

ನಾಲ್ಕು ಜನ ಆಡಿಕೊಳ್ಳುತ್ತಾರೆ ಅಂತೀಯ. ಆಡಿಕೊಳ್ಳಲಿ ಬಿಡು, ಹೊಟ್ಟೆ ತುಂಬ ಉಂಡು ಆಡಿಕೊಳ್ಳಲಿ! ದೀಪ ಹತ್ತದೆ ನಾನು ಹಾರ ಹಾಕುವುದಿಲ್ಲ, ಬೇಕಾದರೆ ಕತ್ತಲಲ್ಲೇ ನಿಂತಿರುತ್ತೇನೆ ಎಂದು ಸಿದ್ಧಾರ್ಥನಿಗೂ ಹೇಳಿದ್ದೇನೆ. ಹಾಗಾದರೆ ತಾನೂ ಪಕ್ಕದಲ್ಲಿ ನಿಂತಿರುತ್ತೇನೆ ಅಂದ. ಹುಡುಗ ಪರವಾಗಿಲ್ಲ.

ದೊಡ್ಡಪ್ಪನ ಹತ್ತಿರ ಜಗಳ ತೆಗೆಯಬೇಡ ಅಂದೆಯಲ್ಲ, ತೆಗೆದಿಲ್ಲ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸುಮ್ಮನಾದೆ. ನಾನು ಸುಮ್ಮನಾದರೆ ಏನರ್ಥ ಅಂತ ಹೆತ್ತವಳಿಗೆ ಗೊತ್ತಿರಬೇಕಿತ್ತು.

ಭಾನುವಾರ ಆ ಹಸಿರು ರೇಷ್ಮೆ ಸೀರೆ ಉಟ್ಟುಕೋ. ಪೆಟ್ಟಿಗೆಯ ತಳದಲ್ಲಿದೆ.

ನಿನ್ನ ಹಟಮಾರಿ,
ಮೇಘನ

ಹಾಂ, ಒಂದು ಹೇಳಲಿಲ್ಲ: ಹೋದ ಭಾನುವಾರವೇ ವೈರಿನ ಚೀಲದಿಂದ ಒಂದು ಪುಟ್ಟ ಗಾಜು ತೆಗೆದು ಅದರ ಮೇಲೆ ನಿನ್ನ ಹೆಬ್ಬೆರಳು ಇಡಿಸಿಕೊಂಡೆನಲ್ಲ? ರೇಷನ್ ಅಂಗಡಿಯವರ ಹಾಗೆ ಇದೇನೇ ಅಂತ ನಕ್ಕೆಯಲ್ಲ? ಮಂಟಪದ ಕಂಬಕ್ಕೆ ಸ್ವಿಚ್ಚಿನ ಬದಲು ಅದನ್ನೇ ಕೂರಿಸುತ್ತೇನೆ. ದೊಡ್ಡಮ್ಮ ಎಷ್ಟು ಒತ್ತಿದರೂ ದೀಪ ಹತ್ತುವುದಿಲ್ಲ. ನಾನು ಒತ್ತಿದರೂ ಹತ್ತುವುದಿಲ್ಲ. ನೀನು ಕೋಣೆಯಿಂದ ಹೊರಗೆ ಬರುವಾಗ ಕೈ ಚೆನ್ನಾಗಿ ಒರೆಸಿಕೊಂಡು ಬಾ, ಒದ್ದೆ ಬೆರಳು ಅದಕ್ಕೆ ಗುರುತು ಸಿಗುವುದಿಲ್ಲ.